ಗಾಳಿ ಸೆನ್ಸರ್ ತಪ್ಪು ಹೇಳುತ್ತಿದೆಯೇ? ಪೆಟ್ಟಿಗೆ ಬಿಚ್ಚುವ ಮುನ್ನ ನೋಡಬೇಕಾದ್ದು

ಬಡಾವಣೆಯ ನಾಲ್ಕಾರು ಮನೆಗಳ ಸಜ್ಜದ ಕೆಳಗೆ ಧೂಳಿನ ಸೆನ್ಸರ್ ಕಟ್ಟಿ, ಅಂಕಿಗಳನ್ನು ಎಲ್ಲರೂ ನೋಡುವ ನಕ್ಷೆಗೆ ಕಳಿಸುತ್ತಿರುವ ಗುಂಪುಗಳಿಗಾಗಿ ಈ ಕೈಪಿಡಿ. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 2015ರಲ್ಲಿ ಶುರುವಾಗಿ, ಈಗ ಸೆನ್ಸರ್ ಕಮ್ಯುನಿಟಿ ಎಂಬ ಹೆಸರಿನಲ್ಲಿ ನಡೆಯುತ್ತಿರುವ ಜಾಲದ ಕಿಟ್ಟನ್ನು ಇಲ್ಲಿ ಮಾದರಿಯಾಗಿ ಇಟ್ಟುಕೊಂಡಿದೆ. ಅದರಲ್ಲಿರುವುದು ಎಸ್‌ಡಿಎಸ್011 ಧೂಳಿನ ಸೆನ್ಸರ್, ಅಂಕಿಗಳನ್ನು ವೈಫೈ ಮೂಲಕ ಕಳಿಸುವ ನೋಡ್‌ಎಂಸಿಯು ಬೋರ್ಡು, ತಾಪಮಾನ ಮತ್ತು ತೇವಾಂಶಕ್ಕೆ ಡಿಎಚ್‌ಟಿ22 ಅಥವಾ ಬಿಎಂಇ280, ಇಷ್ಟನ್ನೂ ಹೊಟ್ಟೆಯೊಳಗಿಟ್ಟುಕೊಳ್ಳುವ 75 ಮಿ.ಮೀ. ಪಿವಿಸಿ ಎಲ್ಬೋ (ಬಾಗಿದ ಪೈಪಿನ ತುಂಡು) ಎರಡು. ಪ್ಲಾಂಟವರ್ ಪಿಎಂಎಸ್5003 ಎಂಬ ಬೇರೆ ಧೂಳಿನ ಸೆನ್ಸರ್ ಬಳಸುವವರಿಗೆ ವೈರಿನ ವಿವರ, ಲೇಸರಿನ ಆಯಸ್ಸಿನ ಲೆಕ್ಕ ಬೇರೆ. ಉಳಿದದ್ದು ಬಹುತೇಕ ಹೊಂದುತ್ತದೆ. ಧೂಳಿನ ಅಂಕಿಗಳೆಲ್ಲ ಒಂದು ಘನ ಮೀಟರ್ ಗಾಳಿಯಲ್ಲಿ ಎಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕದವು. ಪಿಎಂ 2.5 ಎಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳು, ಪಿಎಂ10 ಎಂದರೆ 10 ಮೈಕ್ರಾನ್‌ವರೆಗಿನವು.

ಅಂಕಿ ವಿಚಿತ್ರವಾಗಿ ಕಂಡ ಕೂಡಲೇ ಸ್ಕ್ರೂಡ್ರೈವರ್ ಹುಡುಕಲು ಹೋಗಬೇಡಿ. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದೇ ಹೊತ್ತಿಗೆ ಪಕ್ಕದ ಸೆನ್ಸರ್ ಏನು ಹೇಳಿತು? ಎರಡೂ ಒಟ್ಟಿಗೆ ಏರಿದ್ದರೆ ಗಾಳಿ ನಿಜವಾಗಿಯೂ ಕೆಟ್ಟಿದೆ, ಇಲ್ಲವೇ ಮಂಜು ಬಿದ್ದಿದೆ. ಒಂದು ಮಾತ್ರ ಏರಿದ್ದರೆ ಆ ಮನೆಯ ಸುತ್ತ ಎಲ್ಲೋ ಹೊಗೆ ಎದ್ದಿದೆ, ಇಲ್ಲವೇ ಪೆಟ್ಟಿಗೆಯೊಳಗೆ ಏನೋ ಸೇರಿಕೊಂಡಿದೆ. ಊರಿಗೆ ಒಂದೇ ಸೆನ್ಸರ್ ಇದ್ದರೆ ದೋಷ ಹುಡುಕುವುದು ಕತ್ತಲಲ್ಲಿ ತಡಕಾಡಿದ ಹಾಗೆ. ಹೊಸದಾಗಿ ಶುರು ಮಾಡುವವರು ದೂರ ದೂರ ಹತ್ತು ಕಟ್ಟುವ ಬದಲು, ಒಂದು ಜಾಗದಲ್ಲಾದರೂ ಎರಡನ್ನು ಅಕ್ಕಪಕ್ಕ ಕಟ್ಟುವುದು ಮೇಲು.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು: ಮಲ್ಟಿಮೀಟರ್, ಸರಿಯಾಗಿದೆ ಎಂದು ಖಾತ್ರಿಯಿರುವ 5 ವೋಲ್ಟ್, 2 ಆಂಪಿಯರ್ ಅಡಾಪ್ಟರ್, ಒಂದು ಮೀಟರಿನ ಯುಎಸ್‌ಬಿ ಡೇಟಾ ಕೇಬಲ್, ಮೆತ್ತನೆಯ ಬಣ್ಣದ ಬ್ರಷ್, ಒಂದು ಕಟ್ಟು ಊದುಬತ್ತಿ. ಜೊತೆಗೆ ಪ್ರತಿ ಸೆನ್ಸರಿಗೂ ಒಂದು ನೋಟ್‌ಬುಕ್ ಹಾಳೆ: ಎಂದು ಕಟ್ಟಿದ್ದು, ಎಂದು ಬಿಚ್ಚಿದ್ದು, ಏನು ಬದಲಿಸಿದ್ದು. ಆ ಹಾಳೆ ಇಲ್ಲದಿದ್ದರೆ ಆರು ತಿಂಗಳ ನಂತರ ಅಂಕಿ ಯಾಕೆ ಇಳಿಯಿತು ಎಂದು ಹೇಳಲು ಯಾರಿಂದಲೂ ಆಗದು.

ಮುಟ್ಟುವ ಮುನ್ನ

ಸೆನ್ಸರಿಗೆ ಹೋಗುವುದು 5 ವೋಲ್ಟ್ ಮಾತ್ರ, ಅದರಿಂದ ಅಪಾಯವಿಲ್ಲ. ಅಪಾಯ ಇರುವುದು ಅಡಾಪ್ಟರ್ ಚುಚ್ಚಿದ ಕಡೆ. ತಾರಸಿಯಲ್ಲಿ, ಬಾಲ್ಕನಿಯ ಹೊರಗೆ 230 ವೋಲ್ಟಿನ ಎಕ್ಸ್‌ಟೆನ್ಷನ್ ಬಾಕ್ಸನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಡುವ ಪದ್ಧತಿ ಬಿಡಿ. ಕವರಿನೊಳಗೆ ನೀರು ಇಳಿಯುತ್ತದೆ, ಆಚೆ ಬರುವುದಿಲ್ಲ. ಅಡಾಪ್ಟರ್ ಮನೆಯೊಳಗಿರಲಿ, ಯುಎಸ್‌ಬಿ ಕೇಬಲ್ ಮಾತ್ರ ಹೊರಗೆ ಬರಲಿ. ಮಳೆ ಬರುವಾಗ, ಗುಡುಗು ಕೇಳಿದ ಮೇಲೆ ತಾರಸಿ ಹತ್ತಬೇಡಿ. ಏಣಿ ಹಾಕುವುದಾದರೆ ಕೆಳಗೆ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು.

ಧೂಳಿನ ಸೆನ್ಸರಿನೊಳಗೆ ಲೇಸರ್ ಇದೆ. ಡಬ್ಬಿ ಮುಚ್ಚಿದ್ದಾಗ ಅದರಿಂದ ತೊಂದರೆಯಿಲ್ಲ. ಮುಚ್ಚಳ ತೆಗೆದು ಕರೆಂಟ್ ಕೊಟ್ಟು ಒಳಗೆ ಇಣುಕಿದರೆ ಕಣ್ಣಿಗೆ ಪೆಟ್ಟು. ಬ್ಯಾಟರಿಯಲ್ಲಿ ಓಡಿಸುತ್ತಿದ್ದು, ಅದು ಉಬ್ಬಿದ್ದರೆ ಅಥವಾ ಮುಟ್ಟಿದಾಗ ಸುಡುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಚುಚ್ಚಬಾರದು.

ಲಕ್ಷಣ: ನಕ್ಷೆಯಲ್ಲಿ ಚುಕ್ಕೆಯೇ ಇಲ್ಲ

ಹತ್ತರಲ್ಲಿ ಏಳು ಸಲ ಕಾರಣ ಕರೆಂಟು ಅಥವಾ ವೈಫೈ ಅಂದುಕೊಂಡೇ ಶುರು ಮಾಡಿ. ಸೆನ್ಸರಿನ ಬಳಿ ಹೋಗಿ ಕಿವಿಗೊಡಿ. ಕಿಟ್ಟಿನ ಸಾಫ್ಟ್‌ವೇರ್ ಬದಲಾಯಿಸದಿದ್ದರೆ 145 ಸೆಕೆಂಡಿಗೊಮ್ಮೆ ಒಳಗಿನ ಪುಟ್ಟ ಫ್ಯಾನು ಎದ್ದು, ಸುಮಾರು ಇಪ್ಪತ್ತು ಸೆಕೆಂಡು ಸಣ್ಣಗೆ ಗುಯ್‌ಗುಟ್ಟಿ ಮಲಗುತ್ತದೆ. ಐದು ನಿಮಿಷ ನಿಂತರೂ ಸದ್ದಿಲ್ಲವೆಂದರೆ ಕರೆಂಟಿನ ಕಡೆ ನೋಡಿ. ಸದ್ದು ಬರುತ್ತಿದೆ, ಚುಕ್ಕೆ ಮಾತ್ರ ಇಲ್ಲ ಎಂದರೆ ವೈಫೈ ಕಡೆ ನೋಡಿ.

ಕರೆಂಟು: ಮನೆಯವರು ಮೊಬೈಲ್ ಚಾರ್ಜ್ ಮಾಡಲು ಅಡಾಪ್ಟರ್ ಕಿತ್ತಿಟ್ಟಿದ್ದಾರೆಯೇ ಎಂದು ಮೊದಲು ಕೇಳಿ. ಕೇಳಲು ಸಂಕೋಚವಾದರೂ ಇದೇ ಹೆಚ್ಚಿನ ಸಲದ ಉತ್ತರ. ಆಮೇಲೆ ಅಡಾಪ್ಟರ್, ಆಮೇಲೆ ಕೇಬಲ್ ಬದಲಿಸಿ ನೋಡಿ. ಬೋರ್ಡಿನಲ್ಲಿ ವಿಯು ಅಥವಾ ವಿನ್ ಎಂದು ಬರೆದ ಪಿನ್ನಿಗೂ ಜಿಎನ್‌ಡಿ ಪಿನ್ನಿಗೂ ನಡುವೆ, ಫ್ಯಾನು ತಿರುಗುತ್ತಿರುವಾಗಲೇ ವೋಲ್ಟೇಜ್ ಅಳೆಯಿರಿ. ಎಸ್‌ಡಿಎಸ್011ಗೆ ಬೇಕಾದ್ದು 4.7ರಿಂದ 5.3 ವೋಲ್ಟ್. ಬರೀ ಕೇಬಲ್ ತುದಿಯಲ್ಲಿ 5.0 ತೋರಿಸಿ, ಫ್ಯಾನು ಎದ್ದ ಕೂಡಲೇ 4.4ಕ್ಕೆ ಕುಸಿದರೆ ಕೇಬಲ್ ತೀರಾ ಉದ್ದ ಅಥವಾ ತೀರಾ ತೆಳು. ಐದು ಮೀಟರಿನ ಅಗ್ಗದ ಕೇಬಲ್ ಹಾಕಿದ ಕಡೆ ಈ ಕಾಯಿಲೆ ಬಹಳ. ಬೋರ್ಡು ಮತ್ತೆ ಮತ್ತೆ ರೀಸ್ಟಾರ್ಟ್ ಆಗುವುದು, ದಿನಕ್ಕೆ ಹತ್ತಾರು ಸಲ ಅಂಕಿ ತುಂಡಾಗುವುದು ಇದರದೇ ಗುರುತು.

ವೈಫೈ: ನೋಡ್‌ಎಂಸಿಯುವಿನಲ್ಲಿರುವ ಇಎಸ್‌ಪಿ8266 ಚಿಪ್ಪಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು. ಹೊಸ ರೂಟರ್ ಹಾಕಿಸಿದ ಮರುದಿನದಿಂದ ಸೆನ್ಸರ್ ಕಾಣೆಯಾಗಿದ್ದರೆ ಹೊಸ ಪಾಸ್‌ವರ್ಡೋ, 2.4 ಆಫ್ ಆಗಿದೆಯೋ ನೋಡಿ. ಹಳೇ ವೈಫೈ ಸಿಗದಿದ್ದಾಗ ಸೆನ್ಸರ್ ತನ್ನದೇ ಹೆಸರಿನ ವೈಫೈ ಒಂದನ್ನು ಕೆಲವು ನಿಮಿಷ ಹೊರಡಿಸುತ್ತದೆ. ಮೊಬೈಲಿನಿಂದ ಅದಕ್ಕೆ ಸೇರಿ, ಬ್ರೌಸರಿನಲ್ಲಿ 192.168.4.1 ಎಂದು ಹೊಡೆದರೆ ಪಾಸ್‌ವರ್ಡ್ ಬದಲಿಸುವ ಪುಟ ತೆರೆಯುತ್ತದೆ. ಮೊಬೈಲ್ ಡೇಟಾ ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಫೋನು ಜಾಣತನ ಮಾಡಿ ಆ ಕಡೆ ಜಾರಿಕೊಳ್ಳುತ್ತದೆ. ಕಾಲೇಜು, ಹಾಸ್ಟೆಲ್, ಪಿಜಿಗಳಲ್ಲಿ ಲಾಗಿನ್ ಪುಟ ತೋರಿಸುವ ವೈಫೈಗೆ ಈ ಸೆನ್ಸರ್ ಸೇರಲಾರದು.

ಸಿಗ್ನಲ್ ಬಲವನ್ನೂ ಕಿಟ್ಟು ಅಂಕಿಯ ಜೊತೆಗೇ ಕಳಿಸುತ್ತದೆ. ಮೈನಸ್ 70ರವರೆಗೆ ನೆಮ್ಮದಿ. ಮೈನಸ್ 80 ದಾಟಿದರೆ ಹಗಲು ಸರಿಯಿದ್ದು, ರಾತ್ರಿ ಎಲ್ಲರೂ ಮನೆಯಲ್ಲಿ ವಿಡಿಯೋ ನೋಡುವ ಹೊತ್ತಿಗೆ ತುಂಡಾಗುತ್ತದೆ. ರೂಟರನ್ನು ಕಿಟಕಿಯ ಬಳಿ ಸರಿಸುವುದು ರಿಪೀಟರ್ ಕೊಳ್ಳುವುದಕ್ಕಿಂತ ಅಗ್ಗ.

ಕರೆಂಟೂ ಸರಿ, ವೈಫೈಯೂ ಸರಿ, ಅಂಕಿ ಹೋಗುತ್ತಿದೆ, ಆದರೂ ಊರಿನ ನಕ್ಷೆಯಲ್ಲಿಲ್ಲ ಎಂದರೆ ಅಕ್ಷಾಂಶ, ರೇಖಾಂಶ ಅದಲುಬದಲಾಗಿರಬಹುದು. ಬೆಂಗಳೂರಿಗೆ ಮೊದಲು 12.97, ಆಮೇಲೆ 77.59. ತಿರುಗಿಸಿ ಬರೆದರೆ ನಿಮ್ಮ ರಾಜಾಜಿನಗರದ ಸೆನ್ಸರ್ ಆರ್ಕ್‌ಟಿಕ್ಕಿನ ಸ್ವಾಲ್‌ಬಾರ್ಡ್ ದ್ವೀಪಗಳ ಬದಿಯಲ್ಲಿ ಧೂಳು ಅಳೆಯುತ್ತ ಕೂತಿರುತ್ತದೆ.

ಲಕ್ಷಣ: ತಾಪಮಾನ ಬರುತ್ತಿದೆ, ಧೂಳಿನ ಅಂಕಿ ಮಾತ್ರ ಇಲ್ಲ

ಬೋರ್ಡು, ವೈಫೈ ಎರಡೂ ಸರಿಯಿವೆ ಎಂದಾಯಿತು. ಉಳಿದದ್ದು ಬೋರ್ಡಿಗೂ ಧೂಳಿನ ಸೆನ್ಸರಿಗೂ ನಡುವಿನ ನಾಲ್ಕು ಜಂಪರ್ ವೈರು. ಕರೆಂಟ್ ತೆಗೆದು, ಒಂದೊಂದನ್ನೇ ಹಿಡಿದು ಮೆಲ್ಲಗೆ ಎಳೆದು ನೋಡಿ. ಸಡಿಲವಾಗಿರುವುದು ಕೈಗೇ ಬರುತ್ತದೆ. ಸೆನ್ಸರಿನ ಟಿಎಕ್ಸ್‌ಡಿ ಪಿನ್ನು ಬೋರ್ಡಿನ ಡಿ1ಕ್ಕೆ, ಆರ್‌ಎಕ್ಸ್‌ಡಿ ಡಿ2ಕ್ಕೆ, 5 ವೋಲ್ಟ್ ವಿಯುಗೆ, ಜಿಎನ್‌ಡಿ ಜಿಎನ್‌ಡಿಗೆ. ಡಿ1, ಡಿ2 ಅದಲುಬದಲಾದರೆ ಫ್ಯಾನು ತಿರುಗುತ್ತದೆ, ಅಂಕಿ ಬರುವುದಿಲ್ಲ, ಸರಿಪಡಿಸಿದರೆ ಆಯಿತು. 5 ವೋಲ್ಟಿನ ವೈರನ್ನು 3.3 ವೋಲ್ಟಿನ ಪಿನ್ನಿಗೆ ಚುಚ್ಚಿದರೆ ಫ್ಯಾನು ಸೋತು ಸೋತು ತಿರುಗುತ್ತದೆ ಅಥವಾ ತಿರುಗುವುದೇ ಇಲ್ಲ.

ಇಷ್ಟಕ್ಕೂ ಬಗ್ಗದಿದ್ದರೆ ಸೆನ್ಸರನ್ನು ಯುಎಸ್‌ಬಿ ಸೀರಿಯಲ್ ಕನ್ವರ್ಟರ್ ಮೂಲಕ ನೇರ ಕಂಪ್ಯೂಟರಿಗೆ ಹಚ್ಚಿ, 9600 ಬಾಡ್ ವೇಗದಲ್ಲಿ ಏನು ಬರುತ್ತಿದೆ ನೋಡಿ. ಆರೋಗ್ಯವಂತ ಎಸ್‌ಡಿಎಸ್011 ಸೆಕೆಂಡಿಗೊಮ್ಮೆ ಹತ್ತು ಬೈಟುಗಳ ಒಂದು ಕಂತು ಕಳಿಸುತ್ತದೆ: ಶುರುವಿನಲ್ಲಿ ಎಎ, ನಂತರ ಸಿ0, ಕೊನೆಯಲ್ಲಿ ಎಬಿ. ಮೂರನೇ, ನಾಲ್ಕನೇ ಬೈಟು ಪಿಎಂ 2.5ರದು; ನಾಲ್ಕನೆಯದನ್ನು 256ರಿಂದ ಗುಣಿಸಿ, ಮೂರನೆಯದನ್ನು ಕೂಡಿ, ಹತ್ತರಿಂದ ಭಾಗಿಸಿ. ಸ್ವಂತ ಕೋಡ್ ಬರೆದವರು ಈ ಎರಡು ಬೈಟುಗಳನ್ನು ಹಿಂದುಮುಂದು ಮಾಡುವುದುಂಟು. ಆಗ ಅಂಕಿ ಅಡ್ಡಾದಿಡ್ಡಿ ಹಾರುತ್ತದೆ, ಪಿಎಂ 2.5 ಪಿಎಂ10ಕ್ಕಿಂತ ಹೆಚ್ಚು ಬರುತ್ತದೆ. ಪಿಎಂ10ರ ಲೆಕ್ಕದೊಳಗೇ ಪಿಎಂ 2.5 ಸೇರಿರುವುದರಿಂದ ಹಾಗಾಗಲು ಸಾಧ್ಯವಿಲ್ಲ. ಅಂಥ ಅಂಕಿ ಕಂಡರೆ ಗಾಳಿಯನ್ನು ಬೈಯಬೇಡಿ, ಕೋಡ್ ನೋಡಿ. ಕಂಪ್ಯೂಟರಿಗೆ ನೇರ ಹಚ್ಚಿದಾಗಲೂ ಏನೂ ಬಾರದಿದ್ದರೆ ಸೆನ್ಸರ್ ಸತ್ತಿದೆ, ರಿಪೇರಿಗೆ ಇಳಿಯುವುದು ವ್ಯರ್ಥ.

ಲಕ್ಷಣ: ಬೆಳಗಿನ ಜಾವ ಅಂಕಿ ಮುಗಿಲು ಮುಟ್ಟುತ್ತದೆ, ಒಂಬತ್ತಕ್ಕೆಲ್ಲ ಇಳಿಯುತ್ತದೆ

ಗುಂಪುಗಳು ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ, ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

ಈ ಸೆನ್ಸರ್ ಧೂಳನ್ನು ತೂಗುವುದಿಲ್ಲ. ಲೇಸರ್ ಬೆಳಕಿನಲ್ಲಿ ಹಾದುಹೋಗುವ ಕಣ ಎಷ್ಟು ಬೆಳಕು ಚೆದುರಿಸಿತು ಎಂದು ನೋಡಿ, ಅದರ ಗಾತ್ರವನ್ನೂ ತೂಕವನ್ನೂ ಊಹಿಸುತ್ತದೆ. ಗಾಳಿಯಲ್ಲಿರುವ ಸಲ್ಫೇಟ್, ನೈಟ್ರೇಟ್ ಲವಣಗಳ ಕಣಗಳು ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ನೀರೊಡೆಯುವ ಹಾಗೆಯೇ ತೇವ ಹೀರುತ್ತವೆ. ತೇವಾಂಶ ಶೇ 80ರ ಆಸುಪಾಸು ದಾಟಿದ ಮೇಲೆ ಅದೇ ಕಣ ನೀರು ಕುಡಿದು ಊದಿಕೊಂಡು, ಸೆನ್ಸರಿನ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಮಂಜಿನ ಹನಿಯನ್ನಂತೂ ಅದು ಧೂಳೆಂದೇ ಎಣಿಸುತ್ತದೆ. ಎಸ್‌ಡಿಎಸ್011 ತಯಾರಕರು ಹೇಳುವ ಮಿತಿಯೇ ಶೇ 70 ತೇವಾಂಶ. ಮಡಿಕೇರಿಯಲ್ಲಿ ಜುಲೈ ತಿಂಗಳಿಡೀ ಆ ಮಿತಿಯ ಆಚೆಯೇ. ಸರಕಾರಿ ಕೇಂದ್ರಗಳಲ್ಲಿರುವ ಬೀಟಾ ಕಿರಣದ ಯಂತ್ರಗಳು ಗಾಳಿಯನ್ನು ಬಿಸಿ ಕೊಳವೆಯಲ್ಲಿ ಒಣಗಿಸಿಕೊಂಡು ಅಳೆಯುತ್ತವೆ, ನಮ್ಮ ಕಿಟ್ಟಿಗೆ ಆ ಸೌಕರ್ಯವಿಲ್ಲ.

ಪರೀಕ್ಷೆಗೆ ಕಾಸು ಖರ್ಚಿಲ್ಲ. ತೇವಾಂಶ ಮತ್ತು ಪಿಎಂ ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿ. ಎರಡೂ ಜೋಡಿ ಎತ್ತಿನಂತೆ ಒಟ್ಟಿಗೆ ಏರಿ, ಬಿಸಿಲು ಬಿದ್ದ ಕೂಡಲೇ ಒಟ್ಟಿಗೆ ಇಳಿದರೆ ತೇವದ ಆಟವನ್ನು ಅನುಮಾನಿಸಿ. ಮಂಜಿದ್ದಾಗ ಪಿಎಂ10 ಇನ್ನೂ ದೊಡ್ಡ ನೆಗೆತ ಹಾಕುವುದುಂಟು.

ಆದರೆ ಅಷ್ಟಕ್ಕೇ ತೀರ್ಪು ಕೊಡಬೇಡಿ. ಚಳಿಗಾಲದ ಬೆಳಗಿನಲ್ಲಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ, ಹೊಗೆ ಮೇಲೇಳುವುದಿಲ್ಲ. ಕಸ ಸುಡುವವರೂ ಅದೇ ಹೊತ್ತನ್ನು ಆರಿಸಿಕೊಳ್ಳುತ್ತಾರೆ. ಅಂದರೆ ನಿಜವಾದ ಏರಿಕೆಯೂ ಆ ಹೊತ್ತಿನದೇ. ಬೇರ್ಪಡಿಸಲು ಹತ್ತಿರದ ಸರಕಾರಿ ಕೇಂದ್ರದ ಗಂಟೆವಾರು ಅಂಕಿ ನೋಡಿ. ಬೆಂಗಳೂರಿನಲ್ಲಾದರೆ ಪೀಣ್ಯ, ಹೆಬ್ಬಾಳ, ಜಯನಗರ 5ನೇ ಬ್ಲಾಕ್ ಮೊದಲಾದ ಕಡೆ ಇವೆ, ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಾಣದಲ್ಲಿ ಸಿಗುತ್ತವೆ. ಅಲ್ಲಿ 35ರಿಂದ 50ಕ್ಕೆ ಏರಿದ್ದು, ನಿಮ್ಮಲ್ಲಿ 40ರಿಂದ 160ಕ್ಕೆ ಏರಿದ್ದರೆ ಹೆಚ್ಚಿನ ಪಾಲು ನೀರು. ಎರಡೂ ಹೆಚ್ಚುಕಡಿಮೆ ಅದೇ ಪಟ್ಟಿನಲ್ಲಿ ಏರಿದ್ದರೆ ಧೂಳೇ.

ಏನು ಮಾಡಬೇಕು? ಅಂಕಿಯನ್ನು ಅಳಿಸಬೇಡಿ. ತೇವಾಂಶ ಶೇ 85 ದಾಟಿದ ಗಂಟೆಗಳಿಗೆ ಗುರುತು ಹಾಕಿ, ಸರಾಸರಿಯಿಂದ ಹೊರಗಿಡಿ. ಉಳಿದ ಗಂಟೆ 18ಕ್ಕಿಂತ ಕಡಿಮೆಯಾದರೆ ಅಂದಿನ ದಿನದ ಸರಾಸರಿ ಪ್ರಕಟಿಸಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರ್ಪಲ್‌ಏರ್ ಸೆನ್ಸರುಗಳಿಗೆ ರೂಪಿಸಿದ ತಿದ್ದುಪಡಿ ಸೂತ್ರವನ್ನು ಕೆಲವರು ಇಲ್ಲಿಯೂ ಹಾಗೇ ಅಂಟಿಸುತ್ತಾರೆ. ಅದು ಆ ದೇಶದ ಅಂಕಿಗಳಿಂದ, ಬೇರೊಂದು ಸೆನ್ಸರಿಗಾಗಿ ಹುಟ್ಟಿದ್ದು. ಮಂಗಳೂರಿನ ಉಪ್ಪುಗಾಳಿಗೂ ಕಲಬುರಗಿಯ ಒಣಗಾಳಿಗೂ ಒಂದೇ ಸೂತ್ರ ಹೊಂದೀತೆಂದು ನಂಬಲು ಕಾರಣವಿಲ್ಲ.

ಲಕ್ಷಣ: ದಿನಾ ಒಂದೇ ಹೊತ್ತಿಗೆ ಚೂಪಾದ ಏರಿಕೆ, ಅದೂ ಒಂದೇ ಮನೆಯಲ್ಲಿ

ಗಾಳಿ ಕೆಡುವುದು ನಿಧಾನವಾಗಿ, ಗುಡ್ಡ ಹತ್ತಿದಂತೆ. ಐದು ನಿಮಿಷದಲ್ಲಿ 30ರಿಂದ 250ಕ್ಕೆ ಹಾರಿ, ಕಾಲು ಗಂಟೆಯಲ್ಲಿ ಕೆಳಗೆ ಬಂದರೆ ಅದು ಹತ್ತಿರದ ಹೊಗೆ. ಗ್ರಾಫಿನ ಸಮಯ ಹಿಡಿದುಕೊಂಡು ಆ ಹೊತ್ತಿಗೆ ಖುದ್ದಾಗಿ ಹೋಗಿ ನಿಲ್ಲಿ, ಮೂಗೇ ಹೇಳುತ್ತದೆ. ಬೆಳಿಗ್ಗೆ ಏಳೂವರೆಯ ಏರಿಕೆ ಸೆನ್ಸರಿನಿಂದ ಎರಡಡಿ ದೂರದಲ್ಲಿರುವ ಅಡುಗೆಮನೆಯ ಎಗ್ಸಾಸ್ಟ್ ಫ್ಯಾನಿನ ಒಗ್ಗರಣೆಯಾಗಿರಬಹುದು. ಸಂಜೆ ಆರೂವರೆಯದು ತುಳಸಿಕಟ್ಟೆಯ ಊದುಬತ್ತಿ, ರಾತ್ರಿ ಎಂಟರದು ಕೆಳಗಿನ ಗೋಬಿ ಗಾಡಿ. ಕರೆಂಟ್ ಹೋದಾಗಲೆಲ್ಲ ಏರುವುದು ಅಪಾರ್ಟ್‌ಮೆಂಟಿನ ಜನರೇಟರ್.

ಇಲ್ಲಿ ಸೆನ್ಸರಿನದೇನೂ ತಪ್ಪಿಲ್ಲ, ಕಟ್ಟಿದ ಜಾಗದ್ದು. ನೆಲದಿಂದ ಎರಡರಿಂದ ನಾಲ್ಕು ಮೀಟರ್ ಎತ್ತರದಲ್ಲಿ, ಎರಡು ಬದಿಯಾದರೂ ಗಾಳಿಯಾಡುವ ಕಡೆ, ಎಗ್ಸಾಸ್ಟ್, ಎಸಿಯ ಹೊರಗಿನ ಘಟಕ, ಒಲೆ, ಬಚ್ಚಲ ಹೊಗೆಗೂಡಿನಿಂದ ಕನಿಷ್ಠ ಐದಾರು ಮೀಟರ್ ದೂರ ಕಟ್ಟಿ. ಆದರೆ ಗೋಬಿ ಗಾಡಿಯೋ ಕಸದ ಬೆಂಕಿಯೋ ಇಡೀ ಬೀದಿಗೇ ಹೊಗೆ ಕೊಡುತ್ತಿದ್ದರೆ ಸೆನ್ಸರ್ ಸರಿಸಬೇಡಿ. ಅದನ್ನು ಹಿಡಿಯಲೆಂದೇ ಕಟ್ಟಿದ್ದಲ್ಲವೇ?

ಇನ್ನೊಂದು ಸಾಧ್ಯತೆಯುಂಟು. ಏರಿಕೆ ನಡುರಾತ್ರಿ ಎರಡೂವರೆಗೆ ಬರುತ್ತಿದೆ, ಆ ಹೊತ್ತಿಗೆ ಬೀದಿಯಲ್ಲಿ ನಾಯಿಯೂ ಎಚ್ಚರವಿರುವುದಿಲ್ಲ. ಕಡತದ ಸಮಯ ನಮ್ಮ ಗಡಿಯಾರದ್ದಲ್ಲ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿದೆ, ಅಷ್ಟೇ. ಐದೂವರೆ ಗಂಟೆ ಕೂಡಿಸಿ: ಬೆಳಿಗ್ಗೆ ಎಂಟು, ಶಾಲಾ ವಾಹನಗಳ ಹೊತ್ತು. ಸರಕಾರಿ ಕೇಂದ್ರದ ಅಂಕಿಯೊಡನೆ ಹೋಲಿಸಿ "ಸ್ವಲ್ಪವೂ ತಾಳೆಯಿಲ್ಲ" ಎಂದು ಕೈಚೆಲ್ಲುವ ಮುನ್ನ ಇದನ್ನು ನೋಡಿಕೊಳ್ಳಿ.

ಲಕ್ಷಣ: ಮಳೆ ಸುರಿದರೂ ಅಂಕಿ ಇಳಿಯುವುದಿಲ್ಲ, ಅಥವಾ 999.9ರಲ್ಲಿ ಸಿಕ್ಕಿಕೊಂಡಿದೆ

ಒಳ್ಳೆಯ ಮಳೆ ಬಂದು ನಿಂತು, ಗಾಳಿ ಸ್ವಲ್ಪ ಒಣಗಿದ ಮೇಲಿನ ಒಂದೆರಡು ಗಂಟೆ ಸೆನ್ಸರುಗಳಿಗೆ ಪುಕ್ಕಟೆ ಪರೀಕ್ಷೆ. ನೆರೆಹೊರೆಯವೆಲ್ಲ ಹತ್ತರ ಕೆಳಗೆ ಬಂದಿದ್ದು, ನಿಮ್ಮದೊಂದೇ 35ರಲ್ಲಿ ನಿಂತಿದ್ದರೆ ಒಳಗೆ ಏನೋ ಕೂತಿದೆ ಎಂದರ್ಥ. 999.9 ಎಂಬುದು ಪಿಎಂ 2.5ಕ್ಕೆ ಈ ಸೆನ್ಸರ್ ತೋರಿಸಬಲ್ಲ ಗರಿಷ್ಠ ಅಂಕಿ. ದೀಪಾವಳಿ ರಾತ್ರಿ ಬೀದಿಯಲ್ಲಿ ಸರಪಟಾಕಿ ಹೊಡೆಯುವಾಗ ಕ್ಷಣಕಾಲ ಅದು ನಿಜವಾಗಿಯೂ ಬರಬಹುದು. ಯಾವುದೋ ಮಂಗಳವಾರ ಮಧ್ಯಾಹ್ನ ಗಂಟೆಗಟ್ಟಲೆ ಬರಲಾರದು.

ಹೆಚ್ಚಿನ ಸಲ ಜೇಡ. ಗಾಳಿ ಒಳಗೆ ಹೋಗುವ 6 ಮಿ.ಮೀ.ನ ನಳಿಕೆ ಅದಕ್ಕೆ ಹೇಳಿ ಮಾಡಿಸಿದ ಮನೆ. ಬಲೆಯ ಒಂದು ಎಳೆ ಲೇಸರಿಗೆ ಅಡ್ಡ ಬಂದರೆ ಸಾಕು. ಎಲ್ಬೋದ ಬಾಯಿಗೆ ಪರದೆ ಹಾಕದಿದ್ದರೆ ಇರುವೆ, ಕಣಜದ ಮಣ್ಣುಗೂಡು, ಕೊನೆಗೆ ಹಲ್ಲಿಯ ಮೊಟ್ಟೆಯೂ ಸಿಗುತ್ತವೆ.

ಕರೆಂಟ್ ತೆಗೆಯಿರಿ. ನಳಿಕೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ, ತೊಳೆದು ಪೂರ್ತಿ ಒಣಗಿಸಿ. ಸೆನ್ಸರಿನ ಬಾಯನ್ನೂ ಫ್ಯಾನಿನ ರೆಕ್ಕೆಗಳನ್ನೂ ಒಣ ಬ್ರಷ್ಷಿನಿಂದ ಗುಡಿಸಿ. ಗಾಳಿ ಊದುವ ಕೈಪಂಪು ಇದ್ದರೆ ಮೆಲ್ಲಗೆ ಎರಡು ಸಲ ಊದಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಫ್ಯಾನಿನ ಅಚ್ಚು ಮುರಿಯುತ್ತದೆ. ಬಾಯಿಂದ ಊದಿದರೆ ಎಂಜಲಿನ ಹನಿ ಒಳಗೆ ಕೂರುತ್ತದೆ. ಸ್ಪಿರಿಟ್, ಸೀಮೆಎಣ್ಣೆ ಹತ್ತಿರ ತರಬೇಡಿ. ಮರಳಿ ಕಟ್ಟುವಾಗ ಎಲ್ಬೋದ ಬಾಯಿಗೆ ಸೊಳ್ಳೆಪರದೆಯ ತುಂಡು ಕಟ್ಟಿ. ಅದಕ್ಕಿಂತ ಒತ್ತಾದ ಬಟ್ಟೆ ಕಟ್ಟಿದರೆ ಅಳೆಯಬೇಕಾದ ಧೂಳೇ ಸೋಸಿಹೋಗುತ್ತದೆ.

ಆಮೇಲೆ ಸೊನ್ನೆ ಪರೀಕ್ಷೆ. ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಇರುವವರ ಮನೆಯಲ್ಲಿ ಸಣ್ಣ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಒಂದು ಗಂಟೆ ಓಡಿಸಿ, ಸೆನ್ಸರನ್ನು ಒಳಗೇ ಬಿಡಿ. ಒಳಗೆ ಯಾರೂ ಓಡಾಡಬಾರದು. ಅಂಕಿ ಐದರ ಕೆಳಗೆ ಬರಬೇಕು. ಬಾರದಿದ್ದರೆ ಧೂಳು ಲೆನ್ಸಿನ ಮೇಲೇ ಅಂಟಿದೆ. ಅಲ್ಲಿಗೆ ಬ್ರಷ್ ತಲುಪದು, ಸೆನ್ಸರ್ ಬದಲಿಸಿ.

ಲಕ್ಷಣ: ಅಂಕಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಲೇ ಇದೆ

ಊರಿನ ಗಾಳಿ ಸುಧಾರಿಸುತ್ತಿದೆ ಎಂದು ಸಂಭ್ರಮಪಡುವ ಮುನ್ನ ಸೆನ್ಸರಿನ ವಯಸ್ಸು ನೋಡಿ. ಲೇಸರಿನ ಆಯಸ್ಸು ತಯಾರಕರ ಪ್ರಕಾರ 8000 ಗಂಟೆ. ಬಿಡದೆ ಓಡಿಸಿದರೆ ಹನ್ನೊಂದು ತಿಂಗಳು. 145 ಸೆಕೆಂಡಿಗೆ 20 ಸೆಕೆಂಡಿನಂತೆ ಓಡಿಸಿದರೆ ಕಾಗದದ ಮೇಲೆ ಆರು ವರ್ಷ ದಾಟುತ್ತದೆ. ನಮ್ಮ ಧೂಳಿನಲ್ಲಿ ಅದಕ್ಕೂ ಮೊದಲೇ ಫ್ಯಾನು ಸೋಲುವ ಸಂಭವ ಹೆಚ್ಚು. ಫ್ಯಾನು ನಿಧಾನವಾದರೆ ಒಳಗೆ ಬರುವ ಗಾಳಿ ಕಡಿಮೆ, ಲೇಸರ್ ಮಂಕಾದರೆ ಚೆದುರುವ ಬೆಳಕು ಕಡಿಮೆ, ಎರಡರಿಂದಲೂ ಅಂಕಿ ಇಳಿಯುತ್ತದೆ. ಕೆಟ್ಟ ಸೆನ್ಸರ್ ಹೆಚ್ಚು ತೋರಿಸಿದರೆ ಯಾರಾದರೂ ಕೇಳುತ್ತಾರೆ. ಕಡಿಮೆ ತೋರಿಸಿದರೆ ಯಾರೂ ಕೇಳುವುದಿಲ್ಲ, ಅದೇ ಇದರ ಅಪಾಯ.

ಊದುಬತ್ತಿ ಹಚ್ಚಿ, ಸೆನ್ಸರಿನಿಂದ ಒಂದು ಮೀಟರ್ ದೂರ ನಿಂತು, ಫ್ಯಾನು ಎದ್ದ ಸದ್ದು ಕೇಳಿದ ಮೇಲೆ ಹೊಗೆ ಆ ಕಡೆ ಸಾಗುವಂತೆ ಹತ್ತು ಸೆಕೆಂಡು ಹಿಡಿಯಿರಿ. ಫ್ಯಾನು ಮಲಗಿದಾಗ ಹಿಡಿದು, ಸೆನ್ಸರ್ ಸ್ಪಂದಿಸಲಿಲ್ಲ ಎಂದು ಬೈದವರುಂಟು. ಮುಂದಿನ ಅಂಕಿ ಹಲವು ಪಟ್ಟು ಏರಿ, ಹತ್ತು ನಿಮಿಷದಲ್ಲಿ ಹಳೆಯ ಮಟ್ಟಕ್ಕೆ ಮರಳಬೇಕು. ಬತ್ತಿಯನ್ನು ನಳಿಕೆಯ ಬಾಯಿಗೇ ಹಿಡಿಯಬೇಡಿ, ಹೊಗೆಯ ಜಿಡ್ಡು ಲೆನ್ಸಿಗೆ ಕೂರುತ್ತದೆ. ಈ ಪರೀಕ್ಷೆ ಹೇಳುವುದು ಸೆನ್ಸರ್ ಬದುಕಿದೆಯೇ ಎಂಬುದನ್ನು ಮಾತ್ರ. ಸರಿಯಾಗಿ ಅಳೆಯುತ್ತಿದೆಯೇ ಎಂದು ತಿಳಿಯಲು ಹೊಸ ಸೆನ್ಸರನ್ನು ಪಕ್ಕದಲ್ಲಿ ಒಂದು ವಾರ ಕಟ್ಟಬೇಕು. ಗಂಟೆಯ ಸರಾಸರಿಗಳಲ್ಲಿ ಹಳೆಯದು ಹೊಸದಕ್ಕಿಂತ ಕಾಲು ಭಾಗಕ್ಕೂ ಮೀರಿ ಕಡಿಮೆ ತೋರಿಸುತ್ತಿದ್ದರೆ ಅದಕ್ಕೆ ನಿವೃತ್ತಿ ಕೊಡಿ.

ಲಕ್ಷಣ: ಕಣ್ಣಿಗೆ ಧೂಳು ಕಾಣುತ್ತಿದೆ, ಅಂಕಿಯಲ್ಲಿ ಇಲ್ಲ

ರಸ್ತೆ ಅಗೆದಿದ್ದಾರೆ, ಗಿಡದ ಎಲೆಯೆಲ್ಲ ಕೆಂಪು, ಪಿಎಂ10 ಮಾತ್ರ 60 ದಾಟುವುದಿಲ್ಲ. ಇದು ಕೆಡುಕಲ್ಲ, ಸೆನ್ಸರಿನ ಹುಟ್ಟುಗುಣ. ಭಾರದ ಕಣಗಳನ್ನು ಈ ಪುಟ್ಟ ಫ್ಯಾನು ಒಳಗೆಳೆದುಕೊಳ್ಳಲಾರದು; ಪಿಎಂ10 ಅಂಕಿಯ ಬಹುಪಾಲು ಸಣ್ಣ ಕಣಗಳನ್ನು ಎಣಿಸಿ ಮಾಡಿದ ಅಂದಾಜು. ಇನ್ನೊಂದು ತುದಿಯಲ್ಲಿ 0.3 ಮೈಕ್ರಾನಿಗಿಂತ ಸಣ್ಣ ಕಣ ಇದಕ್ಕೆ ಕಾಣದು. ಡೀಸೆಲ್ ಬಸ್ಸಿನ ಹೊಸ ಹೊಗೆಯಲ್ಲಿ ಬಹಳಷ್ಟು ಕಣಗಳು ಅಷ್ಟೇ ಸಣ್ಣವು. ರಸ್ತೆ ಕಾಮಗಾರಿಯ ಧೂಳಿನ ಬಗ್ಗೆ ದೂರು ಕೊಡುವುದಾದರೆ ಈ ಪಿಎಂ10 ಅಂಕಿಯನ್ನು ಲಗತ್ತಿಸಬೇಡಿ, ಅದು ನಿಮ್ಮ ವಿರುದ್ಧವೇ ಸಾಕ್ಷಿ ಹೇಳುತ್ತದೆ. ಫೋಟೋ ಲಗತ್ತಿಸಿ.

ಲಕ್ಷಣ: ತೇವಾಂಶ 99.9ರಲ್ಲಿ ನಿಂತಿದೆ, ತಾಪಮಾನ ವಿಪರೀತ

ಡಿಎಚ್‌ಟಿ22 ಒಂದೆರಡು ಮಳೆಗಾಲ ಕಂಡ ಮೇಲೆ 99.9ಕ್ಕೆ ಅಂಟಿಕೊಳ್ಳುವುದು ಮಾಮೂಲು. ಒಣ ಕೋಣೆಯಲ್ಲಿ ಒಂದು ದಿನ ಇಟ್ಟರೂ ಇಳಿಯದಿದ್ದರೆ ಬಿಸಾಡಿ ಬಿಎಂಇ280 ಹಾಕಿ. ಕೊಳ್ಳುವಾಗ ಎಚ್ಚರ: ಬಿಎಂಇ ಹೆಸರಿನಲ್ಲಿ ಬಿಎಂಪಿ280 ಮಾರುತ್ತಾರೆ, ನೋಡಲು ಹೆಚ್ಚುಕಡಿಮೆ ಒಂದೇ, ಆದರೆ ಅದರಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ತಾಪಮಾನ, ಒತ್ತಡ ಎರಡೂ ಬಂದು, ತೇವಾಂಶ ಬಾರದಿದ್ದರೆ ಆಗಿರುವುದು ಇದೇ.

ಮಧ್ಯಾಹ್ನ 41 ಡಿಗ್ರಿ ತೋರಿಸಿ, ಹೊರಗೆ 35 ಇದ್ದರೆ ಎಲ್ಬೋಗೆ ನೇರ ಬಿಸಿಲು ಬೀಳುತ್ತಿದೆ, ಇಲ್ಲವೇ ಬೋರ್ಡಿನ ಬಿಸಿ ತಾಗುತ್ತಿದೆ. ಇದನ್ನು ಚಿಕ್ಕ ವಿಷಯ ಎಂದು ಬಿಡಬೇಡಿ. ಹೊರಗೆ 25 ಡಿಗ್ರಿ, ಶೇ 80 ತೇವಾಂಶ ಇದ್ದಾಗ ಒಳಗಿನ ಸೆನ್ಸರ್ 29 ಡಿಗ್ರಿಗೆ ಬಿಸಿಯಾದರೆ ಅದು ತೋರಿಸುವ ತೇವಾಂಶ ಶೇ 63. ಮೇಲೆ ಹೇಳಿದ ಶೇ 85ರ ಗುರುತು ಆಗ ಯಾವತ್ತೂ ಬೀಳುವುದೇ ಇಲ್ಲ. ತೇವಾಂಶದ ಸೆನ್ಸರನ್ನು ಎಲ್ಬೋದ ಬಾಯಿಯ ಹತ್ತಿರ, ಬೋರ್ಡಿನಿಂದ ದೂರ ಇಡಿ.

ಲಕ್ಷಣ: ಸರಕಾರಿ ಅಂಕಿಗೂ ನಮ್ಮದಕ್ಕೂ ಅಜಗಜಾಂತರ

ಹೋಲಿಸುತ್ತಿರುವುದು ಒಂದೇ ಅಳತೆಯನ್ನೇ ಎಂದು ಮೊದಲು ನೋಡಿ. ಸೆನ್ಸರ್ ಕೊಡುವುದು ಮೈಕ್ರೋಗ್ರಾಂ, ಮೊಬೈಲ್ ಆ್ಯಪ್ ತೋರಿಸುವುದು ಹೆಚ್ಚಾಗಿ ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕ. ಪಿಎಂ 2.5ರ ದಿನದ ಸರಾಸರಿ 60 ಇದ್ದರೆ ಭಾರತದ ಎಕ್ಯೂಐ ಪ್ರಕಾರ 100. ಅದೇ ಗಾಳಿಗೆ ಅಮೆರಿಕದ ಎಕ್ಯೂಐ 150 ದಾಟುತ್ತದೆ. ಮೂರು ಅಂಕಿ, ಒಂದೇ ಗಾಳಿ. ವಾಟ್ಸಾಪ್ ಗುಂಪುಗಳ ಅರ್ಧ ಜಗಳ ಇದರಿಂದಲೇ. ನಮ್ಮ ದೇಶದ ಮಾನಕ ಪಿಎಂ 2.5ಕ್ಕೆ ದಿನಕ್ಕೆ 60, ವರ್ಷಕ್ಕೆ 40. ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿಯಲ್ಲಿ ದಿನಕ್ಕೆ 15, ವರ್ಷಕ್ಕೆ 5. ಇವೆರಡೂ ದಿನದ, ವರ್ಷದ ಸರಾಸರಿಗೆ. ಐದು ನಿಮಿಷದ ಅಂಕಿಯನ್ನು ಇವುಗಳ ಪಕ್ಕ ಇಟ್ಟು "ಮಿತಿ ಮೀರಿದೆ" ಎಂದು ಬರೆಯುವುದು ತಪ್ಪು.

ಅಳತೆ ಒಂದೇ ಆದರೂ ವ್ಯತ್ಯಾಸ ಉಳಿದರೆ ಜೊತೆಯಿಟ್ಟು ನೋಡುವುದೊಂದೇ ದಾರಿ. ಎಲ್ಲ ಸೆನ್ಸರುಗಳನ್ನು ಒಂದೇ ತಾರಸಿಯಲ್ಲಿ ಒಂದು ವಾರ ಕಟ್ಟಿ, ಗಂಟೆಯ ಸರಾಸರಿ ತೆಗೆಯಿರಿ. ಗುಂಪಿನಿಂದ ಬೇರೆಯಾಗಿ ನಿಲ್ಲುವುದನ್ನು ಹೊರಗಿಡಿ. ಆಮೇಲೆ ಅವುಗಳಲ್ಲಿ ಎರಡನ್ನು ಸರಕಾರಿ ಕೇಂದ್ರದ ಹತ್ತಿರ, ಅನುಮತಿ ಸಿಕ್ಕರೆ ಅದರ ಆವರಣದಲ್ಲೇ, ಕನಿಷ್ಠ ಎರಡು ವಾರ ಇಡಿ. ಒಣ ಹವೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ. ಗ್ರಾಫಿನ ಏರಿಳಿತ ಸರಕಾರಿ ಯಂತ್ರದೊಡನೆ ಹೆಜ್ಜೆ ಹಾಕುತ್ತಿದ್ದು, ಅಂಕಿ ಮಾತ್ರ ಒಂದೇ ಪ್ರಮಾಣದಲ್ಲಿ ಹೆಚ್ಚು ಕಡಿಮೆ ಇದ್ದರೆ ಗುಣಕ ಹಾಕಿ ತಿದ್ದಬಹುದು. ಏರಿಳಿತವೇ ತಾಳೆಯಾಗದಿದ್ದರೆ ಯಾವ ಗುಣಕದಿಂದಲೂ ಅದು ಸರಿಹೋಗದು.

ಎಲ್ಲಿ ನಿಲ್ಲಿಸಬೇಕು

ಸುಟ್ಟ ವಾಸನೆ, ಕಪ್ಪಾದ ಪಿನ್ನು, ಮುಟ್ಟಿದರೆ ಜುಮ್ಮೆನ್ನುವ ಎಲ್ಬೋ ಅಥವಾ ಕಂಬ ಕಂಡರೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಯಿರಿ. ಸೆನ್ಸರಿನ ಲೋಹದ ಡಬ್ಬಿ ಬಿಚ್ಚಿ ಲೆನ್ಸ್ ಒರೆಸಲು ಹೋಗಬೇಡಿ. ಒರೆಸಿದ ಮೇಲೆ ಅದು ಕೊಡುವ ಅಂಕಿಯನ್ನು ಯಾವುದಕ್ಕೂ ಹೋಲಿಸಲಾಗದು. ಅಂಕಿ ಹೆಚ್ಚಿದ ದಿನ ಮನೆಯಲ್ಲಿ ಯಾರಿಗಾದರೂ ಉಬ್ಬಸ ಹೆಚ್ಚಾದರೆ ಸೆನ್ಸರ್ ಸರಿಯಿದೆಯೇ ಎಂದು ನೋಡುತ್ತ ಕೂರಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ.

ಸೆನ್ಸರ್ ಬದಲಿಸುವುದಾದರೆ ಹಳೆಯದನ್ನು ಕೂಡಲೇ ಕೀಳಬೇಡಿ. ಹೊಸದನ್ನು ಪಕ್ಕದಲ್ಲೇ ಕಟ್ಟಿ ಒಂದು ವಾರ ಎರಡೂ ಓಡಲಿ, ಎರಡರ ಸೀರಿಯಲ್ ನಂಬರನ್ನೂ ದಿನಾಂಕವನ್ನೂ ಹಾಳೆಯಲ್ಲಿ ಬರೆಯಿರಿ. ಬೋರ್ಡನ್ನೂ ಬದಲಿಸಿದರೆ ಅದರ ಚಿಪ್ ನಂಬರ್ ಬೇರೆ, ಹಾಗಾಗಿ ಜಾಲದಲ್ಲಿ ಮತ್ತೆ ನೋಂದಾಯಿಸಬೇಕು. ತೆಗೆದ ಸೆನ್ಸರ್ ಇ-ತ್ಯಾಜ್ಯಕ್ಕೆ.